ಸ್ಟಾರ್ಟರ್ ಡಬ್ಬಿಯಲ್ಲಿ ಮೀನು ಸಾಕಬಹುದೇ?

ಮನೆ–ತೋಟದ ಕರೆಂಟು: ಓದುಗರ ಪ್ರಶ್ನೆ, ಹಳೇ ವೈರ್‌ಮನ್ ಉತ್ತರ

ಆರಿದ್ರೆ ಮಳೆ ಹಿಡಿಯಿತೆಂದರೆ ನನಗೆ ಬರುವ ಕಾಗದಗಳ ಧಾಟಿಯೇ ಬೇರೆ. ಬೇಸಿಗೆಯಲ್ಲಿ ‘ವೋಲ್ಟೇಜ್ ಇಲ್ಲ, ಮೋಟಾರ್ ಸುಟ್ಟಿತು’ ಎಂದು ಬರೆಯುತ್ತಿದ್ದವರೇ ಈಗ ‘ಡಬ್ಬಿಯೊಳಗೆ ನೀರು’ ಎನ್ನುತ್ತಾರೆ. ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿನ ಲೆಕ್ಕದಲ್ಲಿ ಮಳೆ ಹೊಯ್ಯುವ ಆಗುಂಬೆಯ ಮಗ್ಗುಲಲ್ಲಿ ನಲವತ್ತು ವರ್ಷದ ಹತ್ತಿರ ಏಣಿ ಹೊತ್ತವನು ನಾನು. ಸ್ವಿಚ್ಚು, ಸ್ಟಾರ್ಟರ್ ಕೂರುವ ಡಬ್ಬಿಗೆ ನೀರು ಹೋಗುವ ವಿಷಯದಲ್ಲಿ ಆದಷ್ಟು ಅವಮಾನ ನನಗೆ ಬೇರೆ ಯಾವುದರಲ್ಲೂ ಆಗಿಲ್ಲ. ಹಾಗಾಗಿ ಈ ಸಂಚಿಕೆ ಪೂರ್ತಿ ಅದಕ್ಕೇ. ಒಂದು ಪತ್ರ ನನ್ನ ಕಿವಿಯನ್ನೇ ಹಿಂಡಿದೆ, ಅದನ್ನೂ ಮುಚ್ಚಿಟ್ಟಿಲ್ಲ.

ಪ್ರಶ್ನೆ: ಮನೆಗೆ ನೀರೆತ್ತುವ ಪಂಪ್‌ಸೆಟ್ಟಿನ ಸ್ಟಾರ್ಟರಿಗೆ ಹೋದ ವರ್ಷ ಹೊಸ ಪ್ಲಾಸ್ಟಿಕ್ ಡಬ್ಬಿ ಹಾಕಿಸಿದೆ. ಐಪಿ 65, ಒಂದು ಹನಿಯೂ ಹೋಗಲ್ಲ ಎಂದಿದ್ದರು ಅಂಗಡಿಯವರು. ಪೈಪು ಮೇಲಿನಿಂದ ಇಳಿದು ಡಬ್ಬಿಯ ತಲೆಗೆ ಸೇರುತ್ತದೆ. ಸುತ್ತ ಎರಡೆರಡು ಸಲ ಸಿಲಿಕಾನ್ ಮೆತ್ತಿಸಿದ್ದೇನೆ. ಆದರೂ ಪುಷ್ಯ ಮಳೆಯಲ್ಲಿ ಒಳಗೆ ನೀರು ನಿಂತು ನೋ-ವೋಲ್ಟ್ ಕಾಯಿಲ್ (ಕರೆಂಟು ಹೋದರೆ ಮೋಟಾರನ್ನು ಬಿಡಿಸುವ ಸುರುಳಿ) ಸುಟ್ಟಿತು. ಡಬ್ಬಿಯೇ ಮೋಸವೇ?
— ಓದುಗರು, ಹೊಸನಗರ ತಾಲ್ಲೂಕು

ಉತ್ತರ: ಡಬ್ಬಿ ಮೋಸವಲ್ಲ, ಅದರ ತಲೆಗೆ ಹೊಡೆದ ತೂತು ಮೋಸ.

ಐಪಿ ಮುಂದಿನ ಮೊದಲ ಅಂಕಿ ಧೂಳಿಗೆ, ಎರಡನೆಯದು ನೀರಿಗೆ. 65ರಲ್ಲಿರುವ 5 ಅಂದರೆ 6.3 ಮಿ.ಮೀ. ಮೂತಿಯ ಪೈಪಿನಿಂದ ನಿಮಿಷಕ್ಕೆ 12.5 ಲೀಟರ್ ನೀರನ್ನು ಎಲ್ಲ ದಿಕ್ಕಿನಿಂದ ಚಿಮ್ಮಿಸಿ ನೋಡಿದ್ದಾರೆ, ತೊಂದರೆಯಾಗಿಲ್ಲ ಎಂದು. 66 ಅಂದರೆ ಅದೇ ಥರದ ಪರೀಕ್ಷೆ, ಆದರೆ 12.5 ಮಿ.ಮೀ. ಮೂತಿಯಿಂದ ನಿಮಿಷಕ್ಕೆ 100 ಲೀಟರ್. 67 ಅಂದರೆ ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ಮುಳುಗಿಸಿ ತೆಗೆದದ್ದು. ಇದೆಲ್ಲ ಕಾರ್ಖಾನೆಯಿಂದ ಹೊರಬಿದ್ದ ಡಬ್ಬಿಯ ಮಾತು. ನಮ್ಮ ಹುಡುಗ ಡ್ರಿಲ್ ಹಿಡಿದು 25 ಎಂಎಂ ತೂತು ಕೊರೆದ ಗಳಿಗೆಯಲ್ಲೇ ಆ ನಂಬರ್ ಸತ್ತಿತು. ಆಮೇಲೆ ತೂತಿಗೆ ಏನು ಕೂರಿಸುತ್ತೀರೋ ಅದರ ಯೋಗ್ಯತೆಯೇ ಡಬ್ಬಿಯ ಯೋಗ್ಯತೆ.

ಈಗ ನಿಮ್ಮ ಸಿಲಿಕಾನ್ ಎಲ್ಲಿದೆ ನೋಡಿ. ಪೈಪಿನ ಹೊರಮೈಗೂ ಡಬ್ಬಿಗೂ ನಡುವೆ. ನೀರು ಬರುತ್ತಿರುವುದು ಪೈಪಿನ ಒಳಗಿನಿಂದ. ವೈರಿಂಗ್ ಪೈಪಿನ ಕಪ್ಲರ್, ಬೆಂಡ್ ಯಾವುದೂ ನೀರಿನ ಪೈಪಿನಂತೆ ಬಿಗಿಯಲ್ಲ. ಸೊಲ್ಯೂಷನ್ ಹಚ್ಚದೆ ಬರೀ ತುರುಕುವವರೇ ಹೆಚ್ಚು. ಪ್ರತಿ ಜಾಯಿಂಟಿನಲ್ಲೂ ಒಂದಿಷ್ಟು ಜಿನುಗಿ, ವೈರಿನ ಮೈ ಹಿಡಿದು ಜಾರಿ, ನೆಟ್ಟಗೆ ಸ್ಟಾರ್ಟರಿನ ತಲೆಗೆ ಅಭಿಷೇಕ. ಹೊರಗೆ ನೀವು ಮೆತ್ತಿದ ಸಿಲಿಕಾನ್ ಒಳಗೆ ಬಂದ ನೀರು ಹೊರಗೆ ಹೋಗದಂತೆ ಕಾಯುತ್ತಿದೆ, ಅಷ್ಟೇ.

ನಾನೂ ಇದನ್ನೇ ಮಾಡಿದವನು. 1986, ಆಗ ನಾನು ಹೆಲ್ಪರ್. ತೀರ್ಥಹಳ್ಳಿ ಕಡೆಯ ಒಂದು ಮನೆಗೆ ಕಂಬದಿಂದ ಸರ್ವೀಸ್ ತಂದು, ಜಿ.ಐ. ಪೈಪನ್ನು ಗೋಡೆಗುಂಟ ಇಳಿಸಿ ಕಬ್ಬಿಣದ ಮೇನ್ ಸ್ವಿಚ್ಚಿನ ತಲೆಗೆ ಸೇರಿಸಿದ್ದೆ. ಸಿಲಿಕಾನ್ ಅಂದರೇನೆಂದು ನಮಗೆ ಗೊತ್ತಿರದ ಕಾಲ. ಪ್ಲಂಬರುಗಳ ಹಾಗೆ ಸೆಣಬು ಸುತ್ತಿ ಸಫೇದ ಬಳಿದು ಬಿಗಿ ಮಾಡಿದ್ದೆ. ನೋಡಲು ಬೆಣ್ಣೆ ಹಚ್ಚಿದ ಹಾಗಿತ್ತು. ಜುಲೈನಲ್ಲಿ ಆ ಮನೆಯವರು ಹೇಳಿಕಳಿಸಿದರು. ಮೇಸ್ತ್ರಿ ಕಂಬದ ಫ್ಯೂಸ್ ತೆಗೆಸಿ ಸ್ವಿಚ್ಚಿನ ಬಾಗಿಲು ತೆಗೆದರೆ ನೀರು ಅವರ ಕಾಲ ಮೇಲೇ ಸುರಿಯಿತು. ಅವರು ಬೈಯಲಿಲ್ಲ. ನನ್ನ ಮುಖ ನೋಡಿ, ‘ಮುಚ್ಚಿಬಿಡು ಮಾರಾಯ, ನಾಲ್ಕು ಮೀನು ಬಿಡಾಣ’ ಎಂದರು. ಆಮೇಲೆ ಏಣಿ ಹತ್ತಿಸಿ ಪೈಪಿನ ಮೇಲ್ತುದಿ ತೋರಿಸಿದರು. ಬೆಂಡಿನ ಬಾಯನ್ನು ನಾನು ಕಂಬವಿದ್ದ ಕಡೆಗೆ, ಅಂದರೆ ಪಡುವಣಕ್ಕೆ ತಿರುಗಿಸಿದ್ದೆ. ನಮ್ಮ ಮಳೆಗಾಳಿ ಬರುವುದೇ ಪಡುವಣದಿಂದ. ಮೂರು ತಿಂಗಳು ಬಾಯಿ ತೆರೆದು ಕೂತ ಪೈಪು ಎಷ್ಟು ಕುಡಿದಿರಬೇಡ!

ನಿಮ್ಮದಕ್ಕೆ ಮದ್ದು ಹೀಗೆ. ಪೈಪನ್ನು ಡಬ್ಬಿಯ ಪಕ್ಕದಲ್ಲೇ ಕೆಳಗಿಳಿಸಿ, ಡಬ್ಬಿಯ ತಳಕ್ಕಿಂತ ಒಂದು ಗೇಣು ಕೆಳಗೆ ಹೋಗಿ ಅಲ್ಲಿ ನಿಲ್ಲಿಸಿ. ಪೈಪಿನ ಬಾಯಿ ನೆಲ ನೋಡುತ್ತಿರಲಿ. ಅಲ್ಲಿಂದ ಕೇಬಲ್ ಮಾತ್ರ ಹೊರಬಂದು, ಜೋಲಿಯಂತೆ ಒಂದು ಸುತ್ತು ಇಳಿದು, ಮತ್ತೆ ಮೇಲೇರಿ ತಳದ ಗ್ಲ್ಯಾಂಡಿನ (ಕೇಬಲ್ ಸುತ್ತ ರಬ್ಬರ್ ಬಿಗಿಯುವ ನಟ್ಟು) ಮೂಲಕ ಒಳಗೆ ಹೋಗಲಿ. ಪೈಪಿನ ನೀರು ಬಾಯಿಂದ ಕೆಳಗೆ ಬೀಳುತ್ತದೆ, ಕೇಬಲ್ ಮೇಲಿನ ನೀರು ಜೋಲಿಯ ತಳದಿಂದ ತೊಟ್ಟಿಕ್ಕುತ್ತದೆ. ಡಬ್ಬಿಗೆ ಮುಟ್ಟುವುದು ಒಣ ಕೇಬಲ್. ಇದಕ್ಕೆ ಬಿಡಿ ವೈರ್ ನಡೆಯುವುದಿಲ್ಲ, ಮೇಲೆ ಇನ್ನೊಂದು ಹೊದಿಕೆ ಇರುವ ದುಂಡು ಕೇಬಲ್ಲೇ ಬೇಕು. ಬಿಡಿ ವೈರೇ ಇದೆ, ಬದಲಿಸಲು ಆಗದು ಅನ್ನುವಿರಾದರೆ ಪೈಪನ್ನೇ ‘ಯು’ ಆಕಾರಕ್ಕೆ ತಿರುಗಿಸಿ ಕೆಳಗಿನಿಂದ ಹತ್ತಿಸಿ, ತಿರುವಿನ ಅತಿ ತಗ್ಗಿನಲ್ಲಿ ಒಂದು ಟೀ ಹಾಕಿ ಅದರ ಮೂರನೇ ಬಾಯನ್ನು ನೆಲದ ಕಡೆ ತೆರೆದಿಡಿ.

ಮೇಲ್ತುದಿಯನ್ನೂ ನೋಡಿ. ಬೆಂಡಿನ ಬಾಯಿ ಕೆಳಗೆ ನೋಡಬೇಕು. ಕೇಬಲ್ಲಿನ ಹೊದಿಕೆ ಸುಲಿದ ತುದಿ ಆಕಾಶ ನೋಡುತ್ತಿದ್ದರೆ ನೀರು ಹೊದಿಕೆಗೂ ಒಳ ವೈರಿಗೂ ನಡುವಿನ ಸಂದಿನಲ್ಲೇ ಇಳಿದು ಬರುತ್ತದೆ. ಆಗ ಗ್ಲ್ಯಾಂಡ್ ಎಷ್ಟು ಬಿಗಿಯಿದ್ದೇನು, ನೀರು ಕೇಬಲ್ಲಿನ ಹೊಟ್ಟೆಯೊಳಗೇ ಇದೆಯಲ್ಲ.

ಡಬ್ಬಿಗೆ ಕೈ ಹಾಕುವ ಮುಂಚೆ ಒಂದು ಮಾತು. ತ್ರೀ ಫೇಸ್ ಯಾವ ಹೊತ್ತಿಗೆ ಬರುತ್ತದೋ ಹೇಳಲಾಗದು, ಆಟೋ ಸ್ಟಾರ್ಟರ್ ಇದ್ದರಂತೂ ಬಂದ ಕೂಡಲೇ ಮೋಟಾರ್ ಎದ್ದುಬಿಡುತ್ತದೆ. ಮೇನ್ ಆಫ್ ಮಾಡಿ ಫ್ಯೂಸ್ ಕ್ಯಾರಿಯರುಗಳನ್ನು ಕಿತ್ತು ಜೇಬಿಗೆ ಹಾಕಿಕೊಳ್ಳಿ. ಪಕ್ಕದ ಕಿಟಕಿಯ ಮೇಲೆ ಇಡುವುದಲ್ಲ, ಜೇಬಿಗೆ. ವೈರ್ ಬಿಚ್ಚುವ ಕೆಲಸ ಪರ್ಮಿಟ್ ಇರುವವನೇ ಮಾಡಲಿ. ನೀವು ಹತ್ತಿರ ನಿಂತು ಬಾಯಿ ಹಾಕಿ.

ಪ್ರಶ್ನೆ: ಮನೆಯಿಂದ ಕೆಳಗಿನ ಗೇಟಿಗೆ ನೆಲದಡಿ 25 ಎಂಎಂ ಪೈಪಿನಲ್ಲಿ ವೈರ್ ಎಳೆಸಿದ್ದೇವೆ, ಸುಮಾರು 40 ಮೀಟರ್. ಗೇಟಿನ ಡಬ್ಬಿಗೆ ಪೈಪು ಕೆಳಗಿನಿಂದಲೇ ಸೇರುತ್ತದೆ. ಆದರೂ ಮಳೆಗಾಲದಲ್ಲಿ ಬೆಳಗಾದರೆ ಒಂದು ಲೋಟ ನೀರು. ‘ಒಳಗಿನ ಗಾಳಿ ತಣಿದು ಇಬ್ಬನಿ ಕಟ್ಟುತ್ತದೆ’ ಅನ್ನುತ್ತಾನೆ ವೈರ್‌ಮನ್. ನಂಬಬಹುದೇ?
— ಓದುಗರು, ಕೊಪ್ಪ

ಉತ್ತರ: ಲೆಕ್ಕ ಹಾಕಿ ನೋಡೋಣ. ನಿಮ್ಮ ಡಬ್ಬಿ 30 ಸೆಂ.ಮೀ. ಉದ್ದ, 20 ಅಗಲ, 15 ಆಳ ಎಂದು ಇಟ್ಟುಕೊಂಡರೆ ಒಳಗೆ 9 ಲೀಟರ್ ಗಾಳಿ. 30 ಡಿಗ್ರಿ ಸೆಖೆಯಲ್ಲಿ ತೇವದಿಂದ ತುಂಬಿ ತುಳುಕುವ ಗಾಳಿಯಲ್ಲೂ ಒಂದು ಘನ ಮೀಟರಿಗೆ ಇರುವ ನೀರಾವಿ 30 ಗ್ರಾಂ. ಅಂದರೆ ನಿಮ್ಮ ಡಬ್ಬಿಯ ಗಾಳಿಯನ್ನು ಪೂರ್ತಿ ಹಿಂಡಿದರೂ ಸಿಗುವುದು ಕಾಲು ಗ್ರಾಂ ಚಿಲ್ಲರೆ, ಐದಾರು ಹನಿ. ಒಂದು ಲೋಟ ತುಂಬಲು ಏಳುನೂರು ಸಲ ಹಿಂಡಬೇಕು. ಒಂದೇ ರಾತ್ರಿಯಲ್ಲಿ! ಮುಚ್ಚಳದ ಒಳಮೈಯಲ್ಲಿ ಮುತ್ತಿನಂಥ ಹನಿ ಕೂತಿದ್ದರೆ, ಸ್ಕ್ರೂ ಮೇಲೆ ಹಸಿರು ಹಿಡಿದಿದ್ದರೆ ಇಬ್ಬನಿ ಅನ್ನಿ, ಒಪ್ಪುತ್ತೇನೆ. ತಳದಲ್ಲಿ ಲೋಟದಷ್ಟು ನಿಂತಿದ್ದರೆ ಅದು ಪೈಪಿನದು.

ಮನೆ ದಿಬ್ಬದ ಮೇಲಿದೆ, ಗೇಟು ತಗ್ಗಿನಲ್ಲಿದೆ ಎಂದು ನೀವೇ ಪತ್ರದ ಕೊನೆಯಲ್ಲಿ ಬರೆದಿದ್ದೀರಿ. ಉತ್ತರ ಅಲ್ಲೇ ಇದೆ. ನೆಲದಡಿಯ ಪೈಪಿಗೆ ಮೇಲೆಲ್ಲೋ ನೀರು ಸೇರುತ್ತದೆ. 40 ಮೀಟರ್ ಪೈಪಿನ ಹೊಟ್ಟೆಯಲ್ಲಿ ವೈರಿನ ಜಾಗ ಕಳೆದೂ ಹತ್ತು ಲೀಟರ್ ಹಿಡಿಸುತ್ತದೆ. ಮೇಲಿನ ನೀರಿನ ಭಾರ ಕೆಳಗಿನದನ್ನು ದೂಡುತ್ತದೆ, ಡಬ್ಬಿ ಬಾವಿಯ ಒರತೆಯಂತೆ ಕೆಳಗಿನಿಂದ ತುಂಬುತ್ತದೆ. ಕೆಳಗಿನಿಂದ ಪೈಪು ತಂದರೆ ಸಾಕು ಎಂದು ಹೊಸನಗರದವರಿಗೆ ಹೇಳಿದ್ದು ನಿಮಗೆ ಸಾಲದು.

ಇಲ್ಲಿ ಪೈಪಿನ ಬಾಯಿಗೆ ಬಿರಡೆ ಜಡಿದರೆ ಆಯಿತು ಎನ್ನುವವರಿದ್ದಾರೆ. ಮೆತ್ತನೆ ಪುಟ್ಟಿ ತೇವದ ಗಾಳಿಯನ್ನು, ಇರುವೆಯನ್ನು ತಡೆಯುತ್ತದೆ. ಬೆನ್ನಿಗೆ ಎರಡು ಮೀಟರ್ ನೀರಿನ ಕಂಬ ನಿಂತಿದ್ದರೆ ತಡೆಯದು. ನೀರನ್ನು ಡಬ್ಬಿಗಿಂತ ಮುಂಚೆಯೇ ಹೊರಗೆ ಬಿಡಬೇಕು. ಗೇಟಿನಿಂದ ಎರಡಡಿ ಮೇಲೆ ಪೈಪನ್ನು ಅಗೆದು, ಒಂದೂವರೆ ಅಡಿ ಗುಂಡಿ ಮಾಡಿ ಜಲ್ಲಿ ತುಂಬಿ, ಅಲ್ಲಿ ಪೈಪಿಗೆ ಟೀ ಹಾಕಿ ಬಾಯನ್ನು ಜಲ್ಲಿಗೆ ತೆರೆಯಿರಿ. ಪುಸ್ತಕದಲ್ಲಿ ಇಷ್ಟೇ ಇರುತ್ತದೆ. ನಮ್ಮ ಕಡೆ ಶ್ರಾವಣದಲ್ಲಿ ಗುಂಡಿ ತೋಡಿದರೆ ಗುಂಡಿಯೇ ಕೆರೆ. ಆದ್ದರಿಂದ ಗುಂಡಿಯ ತಳದಿಂದ ಪಕ್ಕದ ಚರಂಡಿಗೋ ಧರೆಗೋ ಒಂದು ತುಂಡು ಪೈಪು ಇಳಿಜಾರಾಗಿ ಹೋಗಲೇಬೇಕು. ಚರಂಡಿ ಗುಂಡಿಗಿಂತ ಮೇಲಿದ್ದರೆ ಈ ಕೆಲಸ ಮಾಡಿಸಬೇಡಿ, ಹಣ ದಂಡ. ಆಗ ಡಬ್ಬಿಯನ್ನೇ ಕಂಬದ ಮೇಲೆ ಎದೆಮಟ್ಟಕ್ಕೆ ಏರಿಸಿ, ಪೈಪು ನೆಲದಿಂದ ಒಂದಡಿ ಮೇಲೆ ಬಂದಲ್ಲಿ ಕತ್ತರಿಸಿ, ಅಲ್ಲಿಂದ ಮೇಲಕ್ಕೆ ಬರೀ ಕೇಬಲ್ ಹೋಗಲಿ. ನೀರು ಉಕ್ಕಿದರೆ ಹೊರಗೆ ಉಕ್ಕಲಿ.

ನೆಲದಡಿ ಎಳೆದ ಪೈಪು ಇಂದಲ್ಲ ನಾಳೆ ನೀರು ತುಂಬಿಕೊಳ್ಳುವ ಪೈಪೇ. ಮನೆಯೊಳಗಿನ ಬಿಡಿ ವೈರನ್ನು ಅದರೊಳಗೆ ಎಳೆದು ವರ್ಷವಿಡೀ ನೆನೆಹಾಕುವುದು ಸರಿಯಲ್ಲ. ಮುಂದಿನ ಸಲ ಮೈಗೆ ಲೋಹದ ಕವಚವಿರುವ ಆರ್ಮರ್ಡ್ ಕೇಬಲ್ ಹೂಳಿಸಿ, ಡಬ್ಬಿಯ ಹತ್ತಿರ ಅದನ್ನು ಎರಡು ಕಡೆ ಬಿಗಿಯುವ ಡಬಲ್ ಕಂಪ್ರೆಷನ್ ಗ್ಲ್ಯಾಂಡ್ ಹಾಕಿಸಿ. ಖರ್ಚು ಜಾಸ್ತಿ, ಆದರೆ ನನಗೆ ಎರಡನೇ ಕಾಗದ ಬರೆಯುವ ಅಂಚೆ ಖರ್ಚು ಉಳಿಯುತ್ತದೆ.

ಪ್ರಶ್ನೆ: ಮಾರ್ಚ್ ಸಂಚಿಕೆಯಲ್ಲಿ ಪೈಪಿನ ಬಾಯಿಗೆ ಸ್ಪ್ರೇ ಫೋಮ್ ತುಂಬಲು ಹೇಳಿದ್ದಿರಿ. ತುಂಬಿದೆ. ಮೊನ್ನೆ ಡಬ್ಬಿ ತೆಗೆದರೆ ಫೋಮ್ ತುಂಬ ಕಟ್ಟಿರುವೆಯ ಗೂಡು, ಮೊಟ್ಟೆ ಸಹಿತ. ಒಂದು ವೈರ್ ಬದಲಿಸಲು ಹೋದರೆ ಎಳೆದರೂ ಬರುತ್ತಿಲ್ಲ. ಏನು ಹೇಳುತ್ತೀರಿ?
— ಓದುಗರು, ಪುತ್ತೂರು

ಉತ್ತರ: ತಪ್ಪು ನನ್ನದು. ಪೇಟೆಯ ಒಂದು ಕಟ್ಟಡದಲ್ಲಿ ಅದು ಚೆನ್ನಾಗಿ ನಿಂತದ್ದು ನೋಡಿ ಬರೆದುಬಿಟ್ಟೆ. ತೋಟದ ಇರುವೆಯ ಜೊತೆ ಸಮಾಲೋಚನೆ ಮಾಡಿರಲಿಲ್ಲ. ಫೋಮ್ ಇರುವೆಗೆ ಕೊರೆಯಲು ಮೆತ್ತನೆಯ ಮನೆ, ವೈರಿಗೆ ಬಿಡದ ಅಂಟು. ಚೂರಿ ಬೇಡ, ಕರೆಂಟು ತೆಗೆದು ಮರದ ಚಕ್ಕೆಯಿಂದ ಚೂರುಚೂರೇ ಕೆರೆದು ತೆಗೆಯಿರಿ. ವೈರಿನ ಇನ್ಸುಲೇಷನ್ ಮೇಲೆ ಗೀರು ಬಿದ್ದಿದ್ದರೆ ಆ ವೈರ್ ಪೂರ್ತಿ ಬದಲಿಸಿ.

ಅದರ ಜಾಗಕ್ಕೆ ಗಟ್ಟಿಯಾಗದ ಪುಟ್ಟಿ ಬೇಕು. ನಮ್ಮೂರಿನ ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಕೇಳಿದರೆ ಹಾಗೆಂದರೇನು ಎನ್ನುತ್ತಾರೆ. ಎಸಿ ರಿಪೇರಿಯವನನ್ನು ಕೇಳಿ. ತಾಮ್ರದ ಪೈಪು ಗೋಡೆ ದಾಟುವ ತೂತಿಗೆ ಅವನು ಮೆತ್ತುವ, ಚಪಾತಿ ಹಿಟ್ಟಿನಂಥ ಪುಟ್ಟಿ ಇದೆಯಲ್ಲ, ಅದು. ವೈರುಗಳನ್ನು ಬೆರಳಿನಿಂದ ಬಿಡಿಸಿ ಒಂದೊಂದರ ಸುತ್ತಲೂ ಹಿಟ್ಟು ಹೋಗುವಂತೆ ಒತ್ತಿ, ಬಾಯಿಂದ ಎರಡು ಬೆರಳಿನಷ್ಟು ಒಳಕ್ಕೆ. ವೈರಿನ ಕಟ್ಟಿನ ಮೇಲೆ ಟೊಪ್ಪಿ ಇಟ್ಟ ಹಾಗೆ ಮೆತ್ತಿದರೆ ನಡುವಿನ ಸಂದು ಹಾಗೇ ಉಳಿಯುತ್ತದೆ. ಕಿಟಕಿ ಗಾಜಿಗೆ ಹಚ್ಚುವ ಪುಟ್ಟಿ ಬೇಡ, ವರ್ಷದಲ್ಲಿ ಒಣಗಿ ಬಿರುಕು ಬಿಡುತ್ತದೆ. ಎಂ-ಸೀಲ್ ಕಲ್ಲಾಗುತ್ತದೆ. ಡಬ್ಬಿಯ ಗೋಡೆಯ ಬೇಡದ ತೂತು ಮುಚ್ಚಲು ಒಳ್ಳೆಯದು, ವೈರಿನ ಮೇಲೆ ಬೇಡ.

ಸಿಲಿಕಾನ್ ಬಗ್ಗೆ ಇನ್ನೂ ಮೂವರು ಕೇಳಿದ್ದಾರೆ. ಟ್ಯೂಬ್ ಒತ್ತಿದಾಗ ವಿನಿಗರ್ ತರಹ ಹುಳಿ ವಾಸನೆ ಬಂದರೆ ಅದು ಸಿಂಕು, ಅಕ್ವೇರಿಯಂಗೆ. ಒಣಗುವಾಗ ಬಿಡುವ ಆ ಆಮ್ಲವೇ ತಾಮ್ರವನ್ನು ತಿನ್ನುತ್ತದೆ. ಮುಚ್ಚಿದ ಡಬ್ಬಿಯೊಳಗೆ ಟರ್ಮಿನಲ್ ಹಸಿರಾಗಲು ಅದಕ್ಕಿಂತ ಇನ್ನೇನು ಬೇಕು? ಟ್ಯೂಬಿನ ಮೇಲೆ ‘ನ್ಯೂಟ್ರಲ್’ ಎಂದು ಬರೆದಿರುವುದನ್ನೇ ಕೇಳಿ ತನ್ನಿ.

ಪ್ರಶ್ನೆ: ಡಬ್ಬಿಯ ತಳಕ್ಕೆ ತೂತು ಕೊರೆಯಿರಿ ಎಂದು ನೀವು ಯಾವಾಗಲೂ ಹೇಳುತ್ತೀರಿ. ನೀರು ಬರಬಾರದೆಂದು ಡಬ್ಬಿ ಹಾಕಿ ಅದಕ್ಕೇ ತೂತು ಹೊಡೆಯುವುದು ಎಂಥ ಬುದ್ಧಿ?
— ಓದುಗರು, ಶಿರಸಿ

ಉತ್ತರ: ಹೆಂಚಿನ ಮನೆಯವರು ಕೇಳುವ ಪ್ರಶ್ನೆಯೇ ಇದು? ನೀವು ಅಂಗಳಕ್ಕೆ ಗೋಡೆ ಕಟ್ಟಿದಾಗ ನೀರು ಹೋಗಲು ಬಚ್ಚಲ ಕಂಡಿ ಇಡುವುದಿಲ್ಲವೇ? ಎಷ್ಟು ಬಿಗಿ ಮಾಡಿದರೂ ಡಬ್ಬಿಗೆ ಒಂದಿಷ್ಟು ತೇವ ಬರುತ್ತದೆ. ಬಂದದ್ದು ಹೋಗಬೇಕು. ಅಮೆರಿಕದ ವೈರಿಂಗ್ ನಿಯಮಗಳಲ್ಲೂ ಇಂಥ ತೂತಿಗೆ ಅನುಮತಿ ಇದೆ, ಅಳತೆ 3ರಿಂದ 6 ಮಿ.ಮೀ. ನಾನು 5 ಎಂಎಂ ಬಿಟ್ ಹಾಕುತ್ತೇನೆ. 3ಕ್ಕಿಂತ ಸಣ್ಣದಾದರೆ ನೀರಿನ ಹನಿ ತೂತಿಗೇ ಅಂಟಿ ಕೂರುತ್ತದೆ, ಬೀಳುವುದಿಲ್ಲ. ಡಬ್ಬಿ ಸ್ವಲ್ಪ ವಾಲಿದ್ದರೆ ವಾಲಿದ ಮೂಲೆಯಲ್ಲೇ ಕೊರೆಯಿರಿ. ಗೋಡೆಗೆ ನೇತುಹಾಕುವ ಮುಂಚೆಯೇ, ಒಳಗೆ ಏನೂ ಇಲ್ಲದಾಗ ಕೊರೆಯಿರಿ. ಸ್ಟಾರ್ಟರ್ ಕೂತ ಮೇಲೆ ಕೊರೆದರೆ ಲೋಹದ ಪುಡಿ ಕರೆಂಟು ಕೂಡಿಸಿ ಬಿಡಿಸುವ ಕಾಂಟ್ಯಾಕ್ಟರೊಳಗೆ ಹೋಗುತ್ತದೆ. ಕಬ್ಬಿಣದ ಡಬ್ಬಿಯಾದರೆ ತೂತಿನ ಅಂಚಿಗೆ ಬಣ್ಣ ಬಳಿಯಿರಿ.

ಪಂಪಿನ ನೀರು ನೇರ ಬಡಿಯುವ, ವಾಹನ ತೊಳೆಯುವಂಥ ಜಾಗವಾದರೆ ಬರೀ ತೂತು ಬೇಡ. ನೀರು ಹೊರಗೆ ಬಿಡುವ, ಒಳಗೆ ಬಿಡದ ಬ್ರೀದರ್ ಪ್ಲಗ್ ಸಿಗುತ್ತದೆ.

ತೂತಿಗೆ ಹುಳದ ಕಾಟ ಉಂಟು. ಹಲ್ಲಿ ಮರಿ ನುಗ್ಗದಂತೆ ಒಳಗಿನಿಂದ ಹಳೆಯ ಸ್ಟೀಲ್ ಟೀ ಸೋಸುವ ಜರಡಿಯ ಒಂದು ತುಂಡು ಅಂಟಿಸುತ್ತೇನೆ. ಕಾಂಟ್ಯಾಕ್ಟರಿನ ಎರಡು ತಾಮ್ರದ ನಡುವೆ ಸಿಕ್ಕಿ ಒಣಗಿದ ಹಲ್ಲಿಯಿಂದ ಒಂದು ಫೇಸ್ ಸೇರದೆ ಮೋಟಾರ್ ಸುಟ್ಟದ್ದನ್ನು ಎರಡು ಕಡೆ ಕಂಡಿದ್ದೇನೆ. ಇನ್ನು ಕುಂಬಾರ ಹುಳ. ಅದಕ್ಕೆ 5 ಎಂಎಂ ತೂತು ಅಂದರೆ ದೇವರು ಕೊಟ್ಟ ಸೈಟು, ವಾರದಲ್ಲಿ ಮಣ್ಣು ಮೆತ್ತಿ ಮುಗಿಸುತ್ತದೆ. ಮಳೆಗಾಲಕ್ಕೆ ಮುಂಚೆ ಒಮ್ಮೆ, ನಡುವೆ ಒಮ್ಮೆ ತೆಂಗಿನ ಹಿಡಿಕಡ್ಡಿಯಿಂದ ಹೊರಗಿನಿಂದ ಮಣ್ಣು ಬಿಡಿಸಿ. ತಂತಿ ಬೇಡ, ಕಡ್ಡಿ. ಆಗಲೂ ಮೇನ್ ಆಫ್.

ಪ್ರಶ್ನೆ: ಮಳೆ ಬಂದ ರಾತ್ರಿಯೆಲ್ಲ ಆರ್‌ಸಿಸಿಬಿ (ಕರೆಂಟು ಸೋರಿದರೆ ತಾನೇ ಆಫ್ ಆಗುವ ಸ್ವಿಚ್ಚು) ಬಿದ್ದು ಇಡೀ ಮನೆ ಕತ್ತಲು, ಫ್ರಿಜ್ಜೂ ಆಫ್. ಗೇಟಿನ ಕಂಬಗಳ ಮೇಲಿನ ದೀಪದಿಂದ ಎಂದು ಗೊತ್ತಾಗಿದೆ. ಆರ್‌ಸಿಸಿಬಿ ಬೈಪಾಸ್ ಮಾಡಿಕೊಡುತ್ತೇನೆ ಎನ್ನುತ್ತಾರೆ ಎಲೆಕ್ಟ್ರಿಷಿಯನ್.
— ಓದುಗರು, ಬೆಂಗಳೂರು

ಉತ್ತರ: ಆ ಮನುಷ್ಯನಿಗೆ ಕಾಫಿ ಕೊಟ್ಟು ಕಳಿಸಿಬಿಡಿ, ಮತ್ತೆ ಕರೆಯಬೇಡಿ. 30 ಮಿಲಿ ಆಂಪಿಯರ್ ಸೋರಿದರೆ ಬೀಳಲಿ ಎಂದೇ ಅದನ್ನು ಹಾಕಿರುವುದು. ನಿಮ್ಮ ಗೇಟು ಕಬ್ಬಿಣದ್ದು. ಮಳೆಯಲ್ಲಿ ಒದ್ದೆ ಕಾಲಿನಲ್ಲಿ ಅದನ್ನು ಮುಟ್ಟುವವರು ಹಾಲಿನ ಹುಡುಗ, ಪೇಪರಿನ ಹುಡುಗ, ನಿಮ್ಮ ಮಕ್ಕಳು.

ಕಂಬದ ದೀಪದ ಕಥೆ ಎಲ್ಲ ಕಡೆ ಒಂದೇ. ಕಂಬದ ತಲೆಯ ಗ್ರಾನೈಟಿಗೆ ತೂತು ಹೊಡೆದು, ಕೆಳಗಿನಿಂದ ಬಂದ ಪೈಪನ್ನು ಕಲ್ಲಿನ ಮಟ್ಟಕ್ಕೇ ಕತ್ತರಿಸಿ, ಮೇಲೆ ದೀಪ ಕೂರಿಸಿರುತ್ತಾರೆ. ಕಲ್ಲಿನ ಮೇಲೆ ಹರಿದ ನೀರಿಗೆ ಅದು ಸೊಗಸಾದ ಗಟಾರ. ನೀರು ಪೈಪಿನಲ್ಲಿಳಿದು ಕಂಬದ ಬುಡದ ಜಂಕ್ಷನ್ ಬಾಕ್ಸಿನಲ್ಲಿ ನಿಲ್ಲುತ್ತದೆ. ಅಲ್ಲಿ ಟೇಪು ಸುತ್ತಿದ ಜಾಯಿಂಟು ಮುಳುಗಿದ ಕೂಡಲೇ ಆರ್‌ಸಿಸಿಬಿ ಬೀಳುತ್ತದೆ. ದೀಪವನ್ನಲ್ಲ, ಮೊದಲು ಆ ಬುಡದ ಬಾಕ್ಸನ್ನು ತೆಗೆಸಿ ನೋಡಿ.

ಪೈಪು ಕಲ್ಲಿನಿಂದ ಒಂದಂಗುಲವಾದರೂ ಮೇಲೆ ನಿಲ್ಲಬೇಕು, ದೀಪದ ತಳದೊಳಗೆ. ದೀಪದ ಬುಡಕ್ಕೆ ನ್ಯೂಟ್ರಲ್ ಸಿಲಿಕಾನ್ ಸುತ್ತ ಹಚ್ಚಿ, ಇಳಿಜಾರಿನ ಕಡೆ ಮಾತ್ರ ಕಿರುಬೆರಳಗಲ ಬಿಟ್ಟುಬಿಡಿ, ಒಳಗೆ ಬಂದದ್ದು ಹರಿದುಹೋಗಲಿ. ಟೇಪಿನ ಜಾಯಿಂಟು ಕಿತ್ತು ಜೆಲ್ ತುಂಬಿದ ಕನೆಕ್ಟರ್ ಹಾಕಿಸಿ. ದೀಪಗಳನ್ನು ಬಿಚ್ಚಿ ಬರೀ ವೈರಿಗೆ ಇನ್ಸುಲೇಷನ್ ಅಳೆಯುವ 500 ವೋಲ್ಟಿನ ಮೆಗ್ಗರ್ ಹಿಡಿದಾಗ ಒಂದು ಮೆಗಾಓಮಿಗಿಂತ ಕಡಿಮೆ ತೋರಿಸಿದರೆ ಪೈಪಿನೊಳಗಿನ ವೈರೇ ಹೋಗಿದೆ. ಹೊರಗಿನ ದೀಪಗಳಿಗೆ ಬೇರೆಯೇ ಒಂದು ಆರ್‌ಸಿಬಿಓ (ಸೋರಿಕೆಗೂ ಓವರ್‌ಲೋಡಿಗೂ ಬೀಳುವ ಸ್ವಿಚ್ಚು) ಹಾಕಿಸಿದರೆ ಫ್ರಿಜ್ಜಿನ ಐಸ್‌ಕ್ರೀಂ ಉಳಿಯುತ್ತದೆ.

ಪ್ರಶ್ನೆ: ನಮ್ಮ ಕಡೆ ಮಳೆಯೇ ಕಡಿಮೆ. ಚಾವಣಿಯ ಸೋಲಾರ್ ಪೆಟ್ಟಿಗೆಗೆ ಗ್ಲ್ಯಾಂಡ್, ರಬ್ಬರ್ ಎಲ್ಲ ಸರಿಯಾಗಿದೆ. ಆದರೂ ಮೇ ತಿಂಗಳ ಒಂದೇ ಅಡ್ಡಮಳೆಗೆ ಒಳಗೆ ನೀರು ಬಂತು. ಹೇಗೆ?
— ಓದುಗರು, ಕಲಬುರಗಿ

ಉತ್ತರ: ಬಿಸಿ ಸಾರು ತುಂಬಿ ಮುಚ್ಚಿದ ಟಿಫಿನ್ ಡಬ್ಬಿ ಆರಿದ ಮೇಲೆ ಮುಚ್ಚಳ ತೆಗೆಯಲು ಒದ್ದಾಡಿದ್ದೀರಲ್ಲ? ಅದೇ. ನಿಮ್ಮ ಬಿಸಿಲಿಗೆ ಪೆಟ್ಟಿಗೆಯೊಳಗೆ 50 ಡಿಗ್ರಿ ಏನೂ ದೊಡ್ಡದಲ್ಲ. ಗಾಳಿ ಹಿಗ್ಗಿ ಒಂದಿಷ್ಟು ಹೊರಹೋಗುತ್ತದೆ. ಆಗ ಮಳೆ ಬಿದ್ದು ಪೆಟ್ಟಿಗೆ ಹತ್ತು ನಿಮಿಷದಲ್ಲಿ 25ಕ್ಕೆ ಇಳಿದರೆ ಒಳಗಿನ ಒತ್ತಡ ನೂರಕ್ಕೆ ಎಂಟರಷ್ಟು ಕುಸಿಯುತ್ತದೆ. ಪೆಟ್ಟಿಗೆ ನಿಜವಾಗಿಯೂ ಬಿಗಿಯಿದ್ದರೆ ಲೆಕ್ಕದ ಪ್ರಕಾರ ಅದು ನೀರನ್ನು ಮುಕ್ಕಾಲು ಮೀಟರ್ ಮೇಲಕ್ಕೆ ಎಳೆಯುವಷ್ಟು ಸೆಳೆತ! ಆ ಹೊತ್ತಿಗೆ ಗ್ಲ್ಯಾಂಡಿನ ಸುತ್ತ ನೀರಿನ ಪದರ ನಿಂತಿರುತ್ತದೆ. ಕೂದಲೆಳೆಯ ಸಂದಿದ್ದರೂ ಪೆಟ್ಟಿಗೆ ಅದನ್ನು ಸ್ಟ್ರಾ ಹಾಕಿ ಕುಡಿದ ಹಾಗೆ ಹೀರುತ್ತದೆ. ಬಿಗಿ ಮಾಡಿದಷ್ಟೂ ಸೆಳೆತ ಹೆಚ್ಚು. ಉಸಿರಾಡಲು ಒಂದು ದಾರಿ, ಅಂದರೆ ತಳದಲ್ಲಿ ಬ್ರೀದರ್ ಪ್ಲಗ್ ಕೊಡಿ, ಸೆಳೆತವೇ ಇರುವುದಿಲ್ಲ. ಪೆಟ್ಟಿಗೆಯನ್ನು ಪ್ಯಾನೆಲ್ಲಿನ ನೆರಳಿಗೆ ಸರಿಸಿದರೆ ಅರ್ಧ ಸಮಸ್ಯೆ ಹಾಗೇ ಹೋಗುತ್ತದೆ.

ಪೈಪುಗಳನ್ನೂ ಒಮ್ಮೆ ಕೈಯಲ್ಲಿ ಹಿಸುಕಿ ನೋಡಿ. ಮನೆಯೊಳಗೆ ಹಾಕುವ ಸಾಮಾನ್ಯ ಪಿವಿಸಿ ಪೈಪು ಬಿಸಿಲಿಗೆ ಕೆಲವೇ ವರ್ಷದಲ್ಲಿ ಹಪ್ಪಳ. ಬಿಸಿಲು ತಡೆಯುವ ಹೊರಾಂಗಣದ ಪೈಪು ಕೇಳಿ ಹಾಕಿಸಿ. ಪೆಟ್ಟಿಗೆಯನ್ನು ಮಾತ್ರ ನೀವು ತೆಗೆಯಬೇಡಿ. ಅಲ್ಲಿರುವುದು ಡಿ.ಸಿ. ಬಿಸಿಲಿರುವ ತನಕ ಅದನ್ನು ಆಫ್ ಮಾಡುವ ಮೇನ್ ಸ್ವಿಚ್ ಸೂರ್ಯನಿಗೆ ಇಲ್ಲ. ಅದರ ಕಿಡಿ ಎ.ಸಿ.ಯ ಕಿಡಿಯಂತೆ ತಾನಾಗಿ ಆರುವುದೂ ಇಲ್ಲ. ಹಾಕಿಕೊಟ್ಟವರನ್ನೇ ಕರೆಸಿ.

ಪ್ರಶ್ನೆ: ಬೋರ್‌ವೆಲ್ ಪಂಪಿನ ಕೇಬಲ್ ಹೋಗುವ ಗ್ಲ್ಯಾಂಡ್ ಎಷ್ಟು ತಿರುಗಿಸಿದರೂ ಬಿಗಿಯಾಗುವುದಿಲ್ಲ. ಎರಡು ಗ್ಲ್ಯಾಂಡ್ ಬದಲಿಸಿದೆ.
— ಓದುಗರು, ಚಿತ್ರದುರ್ಗ ಜಿಲ್ಲೆ

ಉತ್ತರ: ಸಬ್‌ಮರ್ಸಿಬಲ್ ಕೇಬಲ್ ಚಪ್ಪಟೆ, ಗ್ಲ್ಯಾಂಡಿನ ರಬ್ಬರ್ ದುಂಡು. ಅಡ್ಡಕ್ಕೆ ಹಿಡಿಯುತ್ತದೆ, ಎರಡೂ ಬದಿ ಬಾಯಿ ಬಿಡುತ್ತದೆ. ಇನ್ನೂ ಬಿಗಿ ಮಾಡಿದರೆ ನೈಲಾನ್ ಗ್ಲ್ಯಾಂಡ್ ಸೀಳುತ್ತದೆ. ಚಪ್ಪಟೆ ಕೇಬಲ್ಲಿಗೆಂದೇ ಉದ್ದ ತೂತಿನ ರಬ್ಬರ್ ಇರುವ ಗ್ಲ್ಯಾಂಡ್ ದೊಡ್ಡ ಪೇಟೆಯಲ್ಲಿ ಸಿಗುತ್ತದೆ. ಸಿಗದಿದ್ದರೆ ಕೇಬಲ್ಲನ್ನು ತಳದಿಂದಲೇ ತಂದು, ಜೋಲಿ ಬಿಟ್ಟು, ಮೇಲೆ ಹೇಳಿದ ಎಸಿ ಪುಟ್ಟಿ ಒತ್ತಿ. ಕೇಬಲ್ಲಿನ ಭಾರ ಗ್ಲ್ಯಾಂಡಿನ ಮೇಲೆ ಬೀಳದಂತೆ ಕೆಳಗೆ ಒಂದು ಕ್ಲ್ಯಾಂಪ್ ಇರಲಿ. ಒಂದೇ ಗ್ಲ್ಯಾಂಡಿನಲ್ಲಿ ನಾಲ್ಕು ಸಣ್ಣ ವೈರ್ ತೂರಿಸುವವರಿಗೂ ಇದೇ ಉತ್ತರ. ನಾಲ್ಕು ದುಂಡು ಸೇರಿ ಒಂದು ದುಂಡು ಆಗುವುದಿಲ್ಲ.

ಪ್ರಶ್ನೆ: ನೀರು ಎಲ್ಲಿಂದ ಬರುತ್ತಿದೆ ಎಂದು ಪತ್ತೆ ಮಾಡುವುದು ಹೇಗೆ? ನಾನು ತೆಗೆದು ನೋಡುವಾಗ ಎಲ್ಲ ಒದ್ದೆಯಾಗಿಯೇ ಇರುತ್ತದೆ.
— ಓದುಗರು, ಸಾಗರ

ಉತ್ತರ: ಮನೆಯವರ ರಂಗೋಲಿ ಡಬ್ಬ ಕೇಳಿ. ಕರೆಂಟು ತೆಗೆದು, ಡಬ್ಬಿಯ ಒಳಗೋಡೆಯನ್ನು ಬಟ್ಟೆಯಿಂದ ಒರೆಸಿ ಒಣಗಿಸಿ. ಒಂದು ಚಿಟಿಕೆ ರಂಗೋಲಿ ಪುಡಿಯನ್ನು ಹತ್ತಿಯಲ್ಲಿ ಅದ್ದಿ ಗೋಡೆಗೆ, ಪೈಪಿನ ಬಾಯಿಯ ಸುತ್ತ, ಮುಚ್ಚಳದ ಅಂಚಿಗೆ ತೆಳ್ಳಗೆ ಸವರಿ. ಸ್ಟಾರ್ಟರ್, ಟರ್ಮಿನಲ್ ಕಡೆಗೆ ಬೇಡ. ಒಂದು ಮಳೆ ಬಿದ್ದ ಮೇಲೆ ಮತ್ತೆ ಕರೆಂಟು ತೆಗೆದು ನೋಡಿ. ನೀರು ಇಳಿದ ದಾರಿ ಬಸವನ ಹುಳ ನಡೆದ ಹಾಗೆ ಪುಡಿಯಲ್ಲಿ ಗೆರೆ ಬಿಟ್ಟಿರುತ್ತದೆ. ಗೆರೆ ಮುಚ್ಚಳದಿಂದ ಶುರುವಾಗಿದ್ದರೆ ರಬ್ಬರ್ ಹೋಗಿದೆ, ಹಿಂಗೋಡೆಯಿಂದ ಆದರೆ ಮೊಳೆ ತೂತು. ನಾನು ನೋಡಿದ ಹತ್ತರಲ್ಲಿ ಏಳೆಂಟು ಸಲ ಅದು ಪೈಪಿನ ಬಾಯಿಂದ ಶುರುವಾಗಿರುತ್ತದೆ.

ಪ್ರಶ್ನೆ: ನಮ್ಮಪ್ಪ ಸ್ಟಾರ್ಟರ್ ಡಬ್ಬಿಗೆ ಅಡಿಕೆ ಹಾಳೆಯ ಟೊಪ್ಪಿ ಕಟ್ಟುತ್ತಿದ್ದರು. ಮೂವತ್ತು ವರ್ಷ ಏನೂ ಆಗಿರಲಿಲ್ಲ. ಈಗ ನಾವು ಡಬ್ಬಿಗೆ ದುಡ್ಡು ಸುರಿದೂ ನೀರು. ಮತ್ತೆ ಹಾಳೆ ಕಟ್ಟಲೇ?
— ಓದುಗರು, ಶೃಂಗೇರಿ

ಉತ್ತರ: ಕಟ್ಟಿ. ನಿಮ್ಮಪ್ಪನ ಡಬ್ಬಿಗೆ ಪೈಪು ಕೆಳಗಿನಿಂದ ಬಂದಿತ್ತೇ ಎಂದು ಹಳೆಯ ಗೋಡೆಯ ಕ್ಲ್ಯಾಂಪಿನ ಗುರುತು ನೋಡಿ ಒಂದು ಸಾಲು ಬರೆಯಿರಿ. ಬಂದಿರುತ್ತದೆ ಎಂದು ನನ್ನ ಅಂದಾಜು. ಹಾಳೆಯನ್ನು ಡಬ್ಬಿಗೆ ಅಂಟಿಸಿ ಕಟ್ಟಬೇಡಿ, ನಾಲ್ಕು ಬೆರಳು ಮೇಲೆ ನಿಲ್ಲಿಸಿ, ನಡುವೆ ಗಾಳಿಯಾಡಲಿ. ಪ್ರತಿ ವರ್ಷ ಹೊಸ ಹಾಳೆ ಬೇಕು, ಹಳತಾದರೆ ಅದರಡಿ ಜೇಡ, ಇರುವೆ ಎಲ್ಲ ಸಂಸಾರ ಹೂಡುತ್ತವೆ. ತಗಡಿನದು ಮಾಡಿಸಿದರೂ ಆಗುತ್ತದೆ, ಆದರೆ ಅದರ ಮೇಲೆ ಮಳೆ ಬಡಿಯುವ ಸದ್ದಿಗೆ ನಿಮ್ಮ ನಾಯಿ ರಾತ್ರಿಯಿಡೀ ಬೊಗಳುತ್ತದೆ. ನಮ್ಮನೆಯದು ಬೊಗಳುತ್ತದೆ.